ಮಿದುಳಿನೊಳಗಿನ ದಿನಚರಿ



ಇಂದಿನ ಮಾತನ್ನು ಒಂದು ದಿನಚರಿಯಿಂದ ಆರಂಭಿಸುತ್ತೇನೆ. ಅದನ್ನು ಬರೆದವನು ವಿಜ್ಞಾನಿಯಲ್ಲ, ವೈದ್ಯನೂ ಅಲ್ಲ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ, ಹೆಸರು ಅಗಸ್ಟಸ್ ಡೆಸ್ಟೆ. 1822ರ ಡಿಸೆಂಬರಿನಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಆಪ್ತ ಬಂಧುವೊಬ್ಬರನ್ನು ಕಾಣಲು ಅವನು ಸ್ಕಾಟ್ಲೆಂಡಿನ ಮಲೆಸೀಮೆಗೆ ಹೋದ. ತಲುಪಿದಾಗ ಆ ಬಂಧು ತೀರಿಕೊಂಡಿದ್ದರು. ಅಂತ್ಯಸಂಸ್ಕಾರವಾದ ಮೇಲೆ ಕಾಗದಪತ್ರಗಳನ್ನು ನೋಡಲು ಕುಳಿತರೆ ಅಕ್ಷರಗಳು ಕಾಣುತ್ತಿಲ್ಲ! ಬೇರೆಯವರ ಕೈಯಲ್ಲಿ ಓದಿಸಿ, ಉತ್ತರ ಬರೆಸಬೇಕಾಯಿತು. ಸ್ವಲ್ಪ ಕಾಲದಲ್ಲಿ ಯಾವ ಔಷಧೋಪಚಾರವೂ ಇಲ್ಲದೆ ದೃಷ್ಟಿ ತಾನಾಗಿ ಮರಳಿತು.

ದುಃಖದ ಭರದಲ್ಲಿ ಹಾಗಾಯಿತು ಎಂದು ಯಾರಾದರೂ ಸುಮ್ಮನಾಗಬಹುದಿತ್ತು. ಆದರೆ 1827ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದಾಗ ಅವನಿಗೆ ಒಂದು ವಸ್ತು ಎರಡಾಗಿ ಕಾಣತೊಡಗಿತು. ಅದೂ ಸರಿಹೋಯಿತು. ಬಳಿಕ ಕಾಲುಗಳ ಬಲ ಕುಗ್ಗಿತು, ಮರಳಿ ಬಂತು, ಮತ್ತೆ ಕುಗ್ಗಿತು. ವರ್ಷಗಳು ಉರುಳಿದಂತೆ ಹೋದದ್ದು ಪೂರ್ತಿಯಾಗಿ ಹಿಂದಿರುಗುವುದು ಅಪರೂಪವಾಯಿತು. ಕೊನೆಗೆ ಗಾಲಿಕುರ್ಚಿಯೇ ಗತಿಯಾಯಿತು. 1848ರಲ್ಲಿ ಅವನು ತೀರಿಕೊಂಡ. ಇದನ್ನೆಲ್ಲ ಅವನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಎರಡು ದಶಕಗಳಿಗೂ ಹೆಚ್ಚು ಕಾಲ ತನ್ನ ದೇಹವನ್ನು ಅಷ್ಟು ಶ್ರದ್ಧೆಯಿಂದ ಗಮನಿಸಿದ ಆ ಮನುಷ್ಯನಿಗೆ ತನ್ನ ಕಾಯಿಲೆಯ ಹೆಸರು ಮಾತ್ರ ತಿಳಿದಿರಲಿಲ್ಲ. ಏಕೆಂದರೆ ಆ ಹೆಸರು ಆಗ ಹುಟ್ಟಿಯೇ ಇರಲಿಲ್ಲ.

ಆ ಕಾಯಿಲೆಯೇ ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳು ಮತ್ತು ಬೆನ್ನುಹುರಿಯ ಹಲವು ಕಡೆಗಳಲ್ಲಿ ಗಟ್ಟಿಯಾದ ಕಲೆಗಳು ಉಂಟಾಗುವುದು ಎಂದು ಅದರ ಅರ್ಥ. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನಂಶದ ಪೊರೆ ಸುತ್ತಿಕೊಂಡಿರುತ್ತದೆ. ವಿದ್ಯುತ್ ತಂತಿಯ ಮೇಲಿನ ರಬ್ಬರಿನ ಹೊದಿಕೆಗೆ ಇದನ್ನು ಹೋಲಿಸುವ ವಾಡಿಕೆಯಿದೆ. ಹೋಲಿಕೆ ತಪ್ಪಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ಈ ಪೊರೆಯಲ್ಲಿ ಅಲ್ಲಲ್ಲಿ ಸಣ್ಣ ಬಿಡುವುಗಳಿವೆ. ನರಸಂದೇಶ ಒಂದು ಬಿಡುವಿನಿಂದ ಇನ್ನೊಂದಕ್ಕೆ ನೆಗೆಯುತ್ತ ಸಾಗುತ್ತದೆ. ಆದ್ದರಿಂದಲೇ ದಪ್ಪ ಪೊರೆಯುಳ್ಳ ನರದಲ್ಲಿ ಸಂದೇಶದ ವೇಗ ಸೆಕೆಂಡಿಗೆ ಸುಮಾರು 100 ಮೀಟರ್ ವರೆಗೆ ಇರಬಲ್ಲದು. ಪೊರೆಯಿಲ್ಲದ ಸಣ್ಣ ನರದಲ್ಲಿ ಅದು ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ಕೋಶಗಳು ದಾರಿತಪ್ಪಿ ಈ ಪೊರೆಯ ಮೇಲೆ ಎರಗುವುದೇ ಈ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಏಕೆ ಹಾಗಾಗುತ್ತದೆ ಎಂಬುದಕ್ಕೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಎಪ್‌ಸ್ಟೈನ್-ಬಾರ್ ಎಂಬ ಸರ್ವೇಸಾಮಾನ್ಯ ವೈರಸ್ಸಿನ ಸೋಂಕು ಇದಕ್ಕೆ ಪೀಠಿಕೆ ಹಾಕುತ್ತದೆ ಎಂಬುದಕ್ಕೆ 2022ರಲ್ಲಿ ಅಮೆರಿಕದ ಸೈನಿಕರ ರಕ್ತದ ಮಾದರಿಗಳಿಂದ ಬಲವಾದ ಆಧಾರ ಸಿಕ್ಕಿತು. ಆದರೆ ಆ ವೈರಸ್ ತಗುಲಿದ ಬಹುತೇಕ ಎಲ್ಲರೂ ಆರೋಗ್ಯವಾಗಿಯೇ ಇರುತ್ತಾರೆ. ಹಾಗಾಗಿ ಒಗಟು ಅರ್ಧ ಮಾತ್ರ ಬಿಡಿಸಿದಂತಾಗಿದೆ.

ಈ ಕಾಯಿಲೆ ಮುದುಕರದಲ್ಲ. ಹೆಚ್ಚಾಗಿ 20ರಿಂದ 40ರ ವಯಸ್ಸಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಅಧಿಕವಾಗಿ ಕಾಣಿಸಿಕೊಳ್ಳುತ್ತದೆ. ನಿಮ್ಮಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಆ ವಯಸ್ಸಿಗೆ ಕಾಲಿಡುವವರು. 2020ರ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 28 ಲಕ್ಷ ಮಂದಿಗೆ ಇದಿತ್ತು.

ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ತಾಂ ಶಾರ್ಕೊ ಎಂಬ ವೈದ್ಯ 1868ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿ ಹೆಸರಿಟ್ಟ. ಅವನ ವಿಧಾನ ಸರಳವಾದದ್ದು, ಆದರೆ ಬಹಳ ತಾಳ್ಮೆ ಬೇಡುವಂಥದು. ಆ ದೊಡ್ಡ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದ ರೋಗಿಗಳ ನಡುಕ, ತೊದಲು, ಕಣ್ಣಿನ ಓಲಾಟಗಳನ್ನು ಬರೆದಿಟ್ಟುಕೊಳ್ಳುವುದು. ಅವರು ತೀರಿಕೊಂಡ ಮೇಲೆ ಮಿದುಳನ್ನು ತೆರೆದು ನೋಡುವುದು. ನೋಡಿದಾಗ ಬಿಳಿಯ ಭಾಗದಲ್ಲಿ ಬೂದುಬಣ್ಣದ ಕಲೆಗಳು ಕಂಡವು. ಅವನಿಗೂ ಮೂವತ್ತು ವರ್ಷ ಹಿಂದೆ ರಾಬರ್ಟ್ ಕಾರ್ಸ್‌ವೆಲ್ ಮತ್ತು ಜಾನ್ ಕ್ರೂವೆಲ್ಯೆ ಎಂಬವರು ಅಂತಹ ಕಲೆಗಳ ಚಿತ್ರಗಳನ್ನು ಬಿಡಿಸಿದ್ದರು. ಬದುಕಿದ್ದಾಗಿನ ಲಕ್ಷಣಗಳನ್ನೂ ಸತ್ತ ಮೇಲಿನ ಕಲೆಗಳನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಶಾರ್ಕೊನ ಹಿರಿಮೆ.

ಆದರೆ ಒಂದು ಕೊರತೆ ಉಳಿಯಿತು. ಮೂರು ಗಂಟೆಯ ಚಲನಚಿತ್ರದ ಕೊನೆಯ ಒಂದೇ ಚಿತ್ರವನ್ನು ನಿಮಗೆ ತೋರಿಸಿ, ಕಥೆ ಹೇಳಿ ಎಂದರೆ ಹೇಗೆ? ಶವಪರೀಕ್ಷೆಯಲ್ಲಿ ಕಂಡ ಕಲೆ ಎಂದು ಹುಟ್ಟಿತು, ಎಷ್ಟು ದಿನ ಬೆಳೆಯಿತು, ಕುಗ್ಗಿತ್ತೇ, ಅದು ಹುಟ್ಟಿದ ದಿನ ರೋಗಿಗೆ ಏನಾದರೂ ತಿಳಿದಿತ್ತೇ? ಇವಕ್ಕೆ ಉತ್ತರವಿರಲಿಲ್ಲ. ಶಾರ್ಕೊನ ನಂತರ ನೂರು ವರ್ಷಕ್ಕೂ ಮಿಕ್ಕಿ ಪರಿಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಆ ಅವಧಿಯಲ್ಲಿ ವೈದ್ಯರು ಒಂದು ನಿಯಮ ಪಾಲಿಸುತ್ತಿದ್ದರು. ನರವ್ಯೂಹದ ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ತೊಂದರೆ ಕಾಣಿಸಿದರೆ ಮಾತ್ರ ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನಬೇಕು. ದೇಶ ಮತ್ತು ಕಾಲ, ಎರಡರಲ್ಲೂ ಹರಡಿರಬೇಕು. ನಿಯಮ ಸರಿಯಾದದ್ದೇ. ಆದರೆ ಅದರ ಬೆಲೆ ತೆರುತ್ತಿದ್ದವರು ರೋಗಿಗಳು. ಮೊದಲ ಸಲ ಕೈ ಜೋಮು ಹಿಡಿದಾಗ ಎರಡನೆಯ ಸಲಕ್ಕಾಗಿ ಕಾಯಬೇಕು; ಅಷ್ಟರಲ್ಲಿ ಮೊದಲಿನದು ವಾಸಿಯಾಗಿರುತ್ತದೆ; ಸುತ್ತಲಿನವರು ಇವರಿಗೆ ಏನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂದುಬಿಡುತ್ತಾರೆ. ಜಾಕ್ವೆಲಿನ್ ಡು ಪ್ರೇ ಎಂಬ ಪ್ರಸಿದ್ಧ ಚೆಲೋ ವಾದಕಿ ಇಂಗ್ಲೆಂಡಿನಲ್ಲಿದ್ದರು. 1971ರ ವೇಳೆಗೆ ಅವರ ಬೆರಳುಗಳು ತಂತಿಯ ಸ್ಪರ್ಶವನ್ನೇ ಕಳೆದುಕೊಳ್ಳತೊಡಗಿದವು. ಮಾನಸಿಕ ಒತ್ತಡವಿರಬೇಕು ಎಂಬ ಮಾತು ಕೇಳಿಬಂತು. ಕಾಯಿಲೆಯ ಹೆಸರು ತಿಳಿದದ್ದು 1973ರಲ್ಲಿ. ಅಷ್ಟರಲ್ಲಿ ಅವರ ವಾದನ ನಿಂತುಹೋಗಿತ್ತು. 1987ರಲ್ಲಿ, 42ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅದೇ 1971ರ ಅಕ್ಟೋಬರಿನಲ್ಲಿ ಲಂಡನ್ನಿನ ವಿಂಬಲ್ಡನ್ ಭಾಗದ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ಬಾರಿಗೆ ಜೀವಂತ ರೋಗಿಯ ಮಿದುಳಿನ ಅಡ್ಡಕೊಯ್ತದ ಚಿತ್ರ ತೆಗೆಯಿತು. ಗೆಡ್ಡೆ, ರಕ್ತಸ್ರಾವಗಳಿಗೆ ಅದು ವರದಾನವಾಯಿತು. ನಮ್ಮ ಕಾಯಿಲೆಗೆ ಮಾತ್ರ ಅದರಿಂದ ಹೆಚ್ಚು ಉಪಯೋಗವಾಗಲಿಲ್ಲ. ಮಯಲಿನ್ ಕಳೆದುಕೊಂಡ ಭಾಗಕ್ಕೂ ಪಕ್ಕದ ಆರೋಗ್ಯಕರ ಭಾಗಕ್ಕೂ ಕ್ಷ-ಕಿರಣಗಳಿಗೆ ಕಾಣುವಷ್ಟು ವ್ಯತ್ಯಾಸವಿಲ್ಲ. ಮೇಲಾಗಿ ಕ್ಷ-ಕಿರಣಗಳನ್ನು ತಿಂಗಳು ತಿಂಗಳೂ ಒಬ್ಬರ ತಲೆಯ ಮೂಲಕ ಹಾಯಿಸುವುದು ಯೋಗ್ಯವೂ ಅಲ್ಲ.

ದಾರಿ ತೋರಿದ್ದು ಇನ್ನೊಂದು ಯಂತ್ರ. ಎಂ.ಆರ್.ಐ., ಎಂದರೆ ಕಾಂತೀಯ ಅನುರಣನ ಚಿತ್ರಣ. ಇದರ ತತ್ತ್ವ ನಿಮ್ಮ ಭೌತಶಾಸ್ತ್ರದ ಪಾಠಕ್ಕೆ ಹತ್ತಿರವಾದದ್ದು. ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರು. ನೀರಿನ ಪ್ರತಿ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳು. ಜಲಜನಕದ ಬೀಜಕೇಂದ್ರವಾದ ಪ್ರೋಟಾನು ಒಂದು ಪುಟ್ಟ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಯಂತ್ರದ ಕಾಂತಬಲ 1.5 ಟೆಸ್ಲಾ, ಎಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಅದರೊಳಗೆ ಮಲಗಿದವರ ಪ್ರೋಟಾನುಗಳಲ್ಲಿ ಒಂದು ಸಣ್ಣ ಹೆಚ್ಚುವರಿ ಪಾಲು ಕಾಂತಕ್ಷೇತ್ರದ ದಿಕ್ಕಿಗೆ ಒಲಿಯುತ್ತದೆ. ಆಗ ಸುಮಾರು 64 ಮೆಗಾಹರ್ಟ್ಸ್ ಆವರ್ತನದ ರೇಡಿಯೋ ತರಂಗವನ್ನು ಹಾಯಿಸಬೇಕು. ನೀವು ಎಫ್.ಎಂ. ರೇಡಿಯೋ ಕೇಳುವುದು 88ರಿಂದ 108 ಮೆಗಾಹರ್ಟ್ಸ್ ನಡುವೆ. ಇದು ಅದರ ನೆರೆಯವನೇ. ತರಂಗ ತಾಕಿದಾಗ ಪ್ರೋಟಾನುಗಳು ವಾಲುತ್ತವೆ; ತರಂಗ ನಿಂತಾಗ ಅದೇ ಆವರ್ತನದಲ್ಲಿ ಮಾರ್ದನಿ ಕೊಡುತ್ತ ಮೊದಲಿನ ಸ್ಥಿತಿಗೆ ಮರಳುತ್ತವೆ. ಹೀಗೆ ಮರಳಲು ಹಿಡಿಯುವ ಸಮಯವೇ ಇಲ್ಲಿನ ಜೀವಾಳ. ಕೊಬ್ಬಿನ ಪೊರೆಗಳ ನಡುವೆ ಇಕ್ಕಟ್ಟಿನಲ್ಲಿರುವ ನೀರಿನ ಮಾರ್ದನಿ ಬೇಗ ಅಡಗುತ್ತದೆ. ಪೊರೆ ಹಾಳಾಗಿ, ಊತ ಬಂದು, ನೀರು ಸಡಿಲವಾಗಿರುವ ಜಾಗದಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಒಂದು ಬಗೆಯ ಚಿತ್ರದಲ್ಲಿ ಕಲೆ ಬೆಳ್ಳಗೆ ಹೊಳೆಯುತ್ತದೆ. ಮಾರ್ದನಿ ಮಿದುಳಿನ ಯಾವ ಮೂಲೆಯಿಂದ ಬಂತು ಎಂದು ಗುರುತಿಸುವ ಉಪಾಯವನ್ನು ಪಾಲ್ ಲಾಟರ್‌ಬರ್ 1973ರಲ್ಲಿ ತೋರಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ 2003ರಲ್ಲಿ ನೊಬೆಲ್ ಬಹುಮಾನ ಬಂತು. ಯಂತ್ರದೊಳಗೆ ಕೇಳಿಸುವ ಆ ಢಣಢಣ ಸದ್ದು ಈ ಉಪಾಯದ್ದೇ. ಜಾಗ ಗುರುತಿಸಲು ಬೇಕಾದ ಸುರುಳಿಗಳಲ್ಲಿ ವಿದ್ಯುತ್ತು ಹರಿದು ನಿಂತು ಹರಿದಾಗ ಅವು ಕಂಪಿಸುತ್ತವೆ.

1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡವೊಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ 10 ಜನರನ್ನು ಎರಡೂ ಯಂತ್ರಗಳಲ್ಲಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಸಿ.ಟಿ. ಯಂತ್ರಕ್ಕೆ ಕಂಡ ಕಲೆಗಳು 19. ಹೊಸ ಯಂತ್ರಕ್ಕೆ ಅವಲ್ಲದೆ ಇನ್ನೂ 112 ಕಂಡವು. ಹತ್ತೇ ಜನರ ಒಂದು ಚಿಕ್ಕ ಅಧ್ಯಯನ. ಆದರೂ ಅದನ್ನು ಓದಿದ ನರರೋಗ ತಜ್ಞರಿಗೆ ಕತ್ತಲೆ ಕೋಣೆಯಲ್ಲಿ ದೀಪ ಹಚ್ಚಿದಂತಾಗಿರಬೇಕು.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಈ ಯಂತ್ರದಲ್ಲಿ ಕ್ಷ-ಕಿರಣಗಳಿಲ್ಲ. ಆದ್ದರಿಂದ ಒಬ್ಬರನ್ನೇ ಮತ್ತೆ ಮತ್ತೆ ಪರೀಕ್ಷಿಸಬಹುದು. ಚಲನಚಿತ್ರದ ಕೊನೆಯ ಚಿತ್ರವೊಂದೇ ಅಲ್ಲ, ನಡುವಿನ ಚಿತ್ರಗಳೂ ಸಿಗುತ್ತವೆ. 1980ರ ದಶಕದ ಕೊನೆಯಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್ ಮತ್ತು ಕೆನಡಾದ ವ್ಯಾಂಕೂವರ್ ನಗರದ ಸಂಶೋಧಕರು ಇಂತಹ ಸರಣಿ ಅಧ್ಯಯನಗಳನ್ನು ಕೈಗೊಂಡರು. ರೋಗಿಗಳು ಕೆಲವು ವಾರಗಳಿಗೊಮ್ಮೆ ಬಂದು ಯಂತ್ರದಲ್ಲಿ ಮಲಗುವರು. ಕಾಯಿಲೆ ಮರುಕಳಿಸಿದಾಗ ಮಾತ್ರವಲ್ಲ, ಆರಾಮವಾಗಿದ್ದಾಗಲೂ ಬರಬೇಕು. ಆ ಕಾಲದ ಯಂತ್ರದಲ್ಲಿ ಬಹಳ ಹೊತ್ತು ಅಲ್ಲಾಡದೆ ಮಲಗುವುದು ಸಣ್ಣ ಕೆಲಸವಲ್ಲ. ತಮಗೆ ತಕ್ಷಣ ಯಾವ ಲಾಭವೂ ಇಲ್ಲದಿದ್ದರೂ ಅವರು ಬಂದರು.

ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ. ರೋಗಿ ಚೆನ್ನಾಗಿದ್ದೇನೆ ಎನ್ನುತ್ತಿದ್ದಾರೆ. ನಡೆಯುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಆದರೆ ಹೋದ ತಿಂಗಳು ಇಲ್ಲದ ಕಲೆ ಈ ತಿಂಗಳ ಚಿತ್ರದಲ್ಲಿದೆ. ಮುಂದಿನ ತಿಂಗಳು ಅದು ಕುಗ್ಗಿರುತ್ತದೆ, ಇನ್ನೆಲ್ಲೋ ಮತ್ತೊಂದು ಎದ್ದಿರುತ್ತದೆ. ಎಣಿಸಿ ನೋಡಿದಾಗ, ರೋಗಿಗೆ ಅನುಭವಕ್ಕೆ ಬರುವ ಪ್ರತಿಯೊಂದು ಮರುಕಳಿಕೆಗೆ ಸರಿಸುಮಾರು ಐದರಿಂದ ಹತ್ತು ಹೊಸ ಕಲೆಗಳು ಸದ್ದಿಲ್ಲದೆ ಹುಟ್ಟುತ್ತಿದ್ದವು. ಡೆಸ್ಟೆಯ ದಿನಚರಿಯಲ್ಲಿ ಖಾಲಿ ಬಿಟ್ಟ ಆ ನೆಮ್ಮದಿಯ ತಿಂಗಳುಗಳು ನಿಜವಾಗಿ ನೆಮ್ಮದಿಯವಾಗಿರಲಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಕಾಯಿಲೆ ಒಳಗೆ ಉರಿಯುತ್ತಲೇ ಇರುತ್ತದೆ. ಬಂದು ಬಂದು ಹೋಗುವ ಕಾಯಿಲೆ ಎಂದು ನೂರಿಪ್ಪತ್ತು ವರ್ಷ ನಂಬಿದ್ದದ್ದು ಹೊರಗಿನ ತೋರಿಕೆ ಮಾತ್ರ ಎಂದಾಯಿತು.

ಇದರ ಜೊತೆಗೆ ಗ್ಯಾಡೊಲಿನಿಯಮ್ ಎಂಬ ಲೋಹದ ಸಂಯುಕ್ತವನ್ನು ರಕ್ತನಾಳಕ್ಕೆ ಕೊಟ್ಟು ಚಿತ್ರ ತೆಗೆಯುವ ಕ್ರಮ 1980ರ ದಶಕದ ನಡುವಿನಲ್ಲಿ ಬಂತು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆಯಿದೆ. ಈ ಸಂಯುಕ್ತ ಅದನ್ನು ದಾಟಲಾರದು. ಹೊಸದಾಗಿ ಉರಿಯೂತ ಎದ್ದಿರುವ ಕಡೆ ಮಾತ್ರ ಗೋಡೆ ಸೋರುತ್ತದೆ. ಅಲ್ಲಿ ಸಂಯುಕ್ತ ಒಳನುಗ್ಗಿ ಕಲೆಯನ್ನು ಬೆಳಗುತ್ತದೆ. ಈ ಸೋರಿಕೆ ಹೆಚ್ಚಾಗಿ ಕೆಲವೇ ವಾರ ಇರುತ್ತದೆ. ಇದರಿಂದ ಆದ ಪ್ರಯೋಜನ ನೋಡಿ. ಒಂದೇ ಚಿತ್ರದಲ್ಲಿ ಬೆಳಗುವ ಕಲೆಯೂ ಬೆಳಗದ ಕಲೆಯೂ ಒಟ್ಟಿಗಿದ್ದರೆ, ಒಂದು ಹೊಸದು, ಇನ್ನೊಂದು ಹಳೆಯದು ಎಂದರ್ಥ. ದೇಶ ಮತ್ತು ಕಾಲ ಎರಡಕ್ಕೂ ಒಂದೇ ದಿನ ಸಾಕ್ಷ್ಯ ಸಿಕ್ಕಿತು. ಎರಡನೆಯ ಹೊಡೆತಕ್ಕಾಗಿ ರೋಗಿ ಕಾಯಬೇಕಿಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದ ಇಯಾನ್ ಮೆಕ್‌ಡೊನಾಲ್ಡ್ ಅವರ ಮುಂದಾಳುತನದಲ್ಲಿ 2001ರಲ್ಲಿ ರೂಪಿಸಿದ ರೋಗನಿರ್ಣಯದ ನಿಯಮಗಳು ಎಂ.ಆರ್.ಐ. ಸಾಕ್ಷ್ಯಕ್ಕೆ ಅಧಿಕೃತ ಸ್ಥಾನ ನೀಡಿದವು. 2010ರ ಪರಿಷ್ಕರಣೆ ಒಂದೇ ಚಿತ್ರದ ಸಾಕ್ಷ್ಯವನ್ನೂ ಒಪ್ಪಿಕೊಂಡಿತು.

ಇಷ್ಟು ಕೇಳಿದವರು ಹೆಚ್ಚು ಕಲೆಗಳಿದ್ದರೆ ಹೆಚ್ಚು ಕಾಯಿಲೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಅದು ಹಾಗಿಲ್ಲ. ಚಿತ್ರದ ತುಂಬ ಕಲೆಗಳಿದ್ದೂ ಮೆಟ್ಟಿಲು ಹತ್ತಿ ಬರುವವರಿದ್ದಾರೆ. ನಾಲ್ಕೇ ಕಲೆಗಳಿದ್ದು ಕೋಲು ಹಿಡಿದವರಿದ್ದಾರೆ. ಬೆನ್ನುಹುರಿ ಕಿರುಬೆರಳಿನಷ್ಟೂ ದಪ್ಪವಿಲ್ಲ. ಅಲ್ಲಿ ಬಿದ್ದ ಸಣ್ಣ ಕಲೆ ಊರಿಗಿರುವ ಒಂದೇ ಸೇತುವೆ ಕುಸಿದಂತೆ. ಮಿದುಳಿನ ವಿಶಾಲವಾದ ಬಿಳಿಯ ಭಾಗದಲ್ಲಿ ಬಿದ್ದ ಕಲೆಗೆ ಸುತ್ತುಬಳಸಿನ ದಾರಿಗಳುಂಟು. ಅಲ್ಲದೆ ಬಿಳಿಯ ಕಲೆ ಎನ್ನುವುದು ನೀರಿನ ಸುದ್ದಿ ಹೇಳುತ್ತದೆಯೇ ಹೊರತು, ಒಳಗಿನ ನರತಂತು ಬದುಕಿದೆಯೋ ತುಂಡಾಗಿದೆಯೋ ಎಂಬುದನ್ನು ಹೇಳುವುದಿಲ್ಲ. ಚಿತ್ರವನ್ನೇ ನೋಡಿ ರೋಗಿಯನ್ನು ನೋಡದ ವೈದ್ಯ ಇಲ್ಲಿ ಖಂಡಿತ ಎಡವುತ್ತಾನೆ.

ಇನ್ನು ಅಳತೆಯ ಪ್ರಶ್ನೆ. ನಿಮ್ಮ ಮನೆಯಲ್ಲಿ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದಿರಬಹುದು. ಒಂದು ವರ್ಷ ಚಪ್ಪಲಿ ಹಾಕಿಕೊಂಡು, ಮರುವರ್ಷ ಬರಿಗಾಲಿನಲ್ಲಿ ನಿಂತರೆ ಹುಡುಗ ಕುಳ್ಳಗಾದಂತೆ ಕಾಣುತ್ತಾನೆ. ಮಿದುಳನ್ನು ವರ್ಷಗಳ ಅಂತರದಲ್ಲಿ ಅಳೆಯುವವರ ಕಷ್ಟವೂ ಇದೇ. ಹೋದ ಸಲ ತಲೆ ಒಂದಿಷ್ಟು ಎಡಕ್ಕೆ ವಾಲಿತ್ತು, ಈ ಸಲ ಬಲಕ್ಕೆ. ಆಗ ಚಿತ್ರದ ಒಂದೊಂದು ಕೊಯ್ತವೂ ಬೇರೆ ಜಾಗದಲ್ಲಿ ಹಾಯುತ್ತದೆ. ಐದು ಮಿಲಿಮೀಟರ್ ದಪ್ಪದ ಕೊಯ್ತಗಳ ನಡುವೆ ಎರಡು ಮಿಲಿಮೀಟರಿನ ಕಲೆ ಒಮ್ಮೆ ಕಂಡು ಇನ್ನೊಮ್ಮೆ ಮರೆಯಾದರೆ, ಮಾಸಿದ್ದು ಕಲೆಯೋ ನಮ್ಮ ಕಣ್ಣೋ? ಈಗ ಒಂದು ಮಿಲಿಮೀಟರಿನ ತೆಳುಕೊಯ್ತಗಳು ಸಾಧ್ಯವಾಗಿವೆ. ಗಣಕಯಂತ್ರ ಹಳೆಯ ಚಿತ್ರವನ್ನೂ ಹೊಸದನ್ನೂ ತಿರುಗಿಸಿ ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ. ಆದರೂ ಹತ್ತು ವರ್ಷದ ಅಧ್ಯಯನದ ನಡುವೆ ಆಸ್ಪತ್ರೆಯವರು ಯಂತ್ರವನ್ನೇ ಬದಲಾಯಿಸಿದರೆ ಸಂಶೋಧಕನ ಪಾಡು ಹೇಳತೀರದು. ಬದಲಾದದ್ದು ರೋಗಿಯ ಮಿದುಳೋ ಆಸ್ಪತ್ರೆಯ ಯಂತ್ರವೋ ಎಂದು ಬೇರ್ಪಡಿಸಬೇಕಾಗುತ್ತದೆ.

ಮಿದುಳಿನ ಒಟ್ಟು ಗಾತ್ರದ ಲೆಕ್ಕ ಇನ್ನೂ ನಾಜೂಕಾದದ್ದು. ವಯಸ್ಕರ ಮಿದುಳು ಸುಮಾರು 1,200 ಘನ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆರೋಗ್ಯವಂತರಲ್ಲೂ ವಯಸ್ಸಿನೊಂದಿಗೆ ವರ್ಷಕ್ಕೆ ಶೇಕಡಾ 0.1ರಿಂದ 0.3ರಷ್ಟು ಕುಗ್ಗುತ್ತದೆ. ಶೇಕಡಾ 0.2 ಎಂದರೆ 2.4 ಘನ ಸೆಂಟಿಮೀಟರ್, ಅರ್ಧ ಚಹಾ ಚಮಚ. ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದು ಚಿಕಿತ್ಸೆಯಿಲ್ಲದವರಲ್ಲಿ ಕುಗ್ಗುವಿಕೆ ಶೇಕಡಾ 0.5ರಿಂದ 1ರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಹೆಚ್ಚು. ಎಂದರೆ ಒಂದು ಚಮಚದಿಂದ ಎರಡೂವರೆ ಚಮಚ. ಇದನ್ನು ಅಳೆಯುವ ಗಣಕ ವಿಧಾನಗಳ ದೋಷವೇ ಶೇಕಡಾ 0.2ರ ಸಮೀಪವಿದೆ. ಬೇಕಾದಷ್ಟು ನೀರು ಕುಡಿಯದೆ ಬಂದರೂ ಮಿದುಳಿನ ಗಾತ್ರ ತುಸು ಕಡಿಮೆ ಕಾಣುತ್ತದೆ. ಉರಿಯೂತ ತಗ್ಗಿಸುವ ಔಷಧ ಕೊಟ್ಟ ಮೊದಲ ತಿಂಗಳುಗಳಲ್ಲಿ ಊತ ಇಳಿದು ಮಿದುಳು ಚಿಕ್ಕದಾಗಬಹುದು. ಔಷಧ ಕೆಲಸ ಮಾಡಿದ್ದನ್ನೇ ಕಾಯಿಲೆ ಉಲ್ಬಣಿಸಿತೆಂದು ತಪ್ಪಾಗಿ ಓದುವ ಅಪಾಯವಿದೆ. ಹೀಗಾಗಿ ಒಂದು ವರ್ಷದ ಅಂತರದ ಎರಡು ಚಿತ್ರ ಹಿಡಿದು ಒಬ್ಬ ವ್ಯಕ್ತಿಗೆ ನಿಮ್ಮ ಮಿದುಳು ಇಷ್ಟು ಕುಗ್ಗಿದೆ ಎಂದು ಹೇಳುವುದು ದುಡುಕಾಗುತ್ತದೆ. ನೂರಾರು ಜನರ ಸರಾಸರಿಯಲ್ಲಿ ಮಾತ್ರ ಆ ವ್ಯತ್ಯಾಸ ನಂಬಿಕೆಗೆ ಅರ್ಹ. ಪ್ರಯೋಗಶಾಲೆಯಲ್ಲಿ ಮೂರು ಸಲ ಅಳತೆ ಮಾಡಿ ಎಂದು ಅಧ್ಯಾಪಕರು ಒತ್ತಾಯಿಸುವಾಗ ಬೇಸರಪಡುವ ವಿದ್ಯಾರ್ಥಿಗಳಿಗೆ ಇದನ್ನು ನೆನಪಿಸಬೇಕೆನಿಸುತ್ತದೆ.

ಈ ಸರಣಿ ಚಿತ್ರಗಳಿಂದ ರೋಗಿಗಳಿಗೆ ಏನು ದೊರೆಯಿತು? ಮೊದಲನೆಯದಾಗಿ ಔಷಧ. ಇಂಟರ್‌ಫೆರಾನ್ ಬೀಟಾ ಎಂಬ ಔಷಧದ ಪ್ರಯೋಗದಲ್ಲಿ 372 ರೋಗಿಗಳಿದ್ದರು. ಕೆಲವರಿಗೆ ಹುಸಿಮದ್ದು, ಕೆಲವರಿಗೆ ಕಡಿಮೆ ಪ್ರಮಾಣ, ಕೆಲವರಿಗೆ ಹೆಚ್ಚು ಪ್ರಮಾಣ. ಚಿತ್ರಗಳನ್ನೆಲ್ಲ ವ್ಯಾಂಕೂವರಿನಲ್ಲಿ ಡೊನಾಲ್ಡ್ ಪೇಟಿ ಮತ್ತು ಡೇವಿಡ್ ಲೀ ಅವರ ತಂಡ ಪರಿಶೀಲಿಸಿತು. ಯಾವ ಚಿತ್ರ ಯಾವ ಗುಂಪಿನವರದು ಎಂಬುದನ್ನು ಓದುವವರಿಂದ ಮುಚ್ಚಿಡಲಾಗಿತ್ತು. ತಿಳಿದರೆ ಕಣ್ಣು ಮನಸ್ಸಿನ ಮಾತು ಕೇಳುತ್ತದೆ. ಹುಸಿಮದ್ದು ಪಡೆದವರಲ್ಲಿ ಕಲೆಗಳ ಒಟ್ಟು ವಿಸ್ತೀರ್ಣ ಬೆಳೆಯುತ್ತ ಹೋಯಿತು. ಹೆಚ್ಚು ಪ್ರಮಾಣ ಪಡೆದವರಲ್ಲಿ ಬೆಳೆಯಲಿಲ್ಲ. 1993ರಲ್ಲಿ ಅಮೆರಿಕದಲ್ಲಿ ಆ ಔಷಧಕ್ಕೆ ಅನುಮತಿ ಸಿಕ್ಕಿತು. ಈ ಕಾಯಿಲೆಯ ಗತಿಯನ್ನು ತಗ್ಗಿಸಲೆಂದು ಅಲ್ಲಿ ಅನುಮತಿ ಪಡೆದ ಮೊದಲ ಔಷಧ ಅದು. ಮುಂದೆ ಬಂದ ಅನೇಕ ಔಷಧಗಳ ಆರಂಭದ ಪ್ರಯೋಗಗಳು ಹೊಸ ಕಲೆಗಳ ಎಣಿಕೆಯನ್ನೇ ನೆಚ್ಚಿಕೊಂಡವು. ಕಲೆಗಳು ಮರುಕಳಿಕೆಗಿಂತ ಹಲವು ಪಟ್ಟು ಹೆಚ್ಚು ಹುಟ್ಟುವುದರಿಂದ ಕಡಿಮೆ ಜನರಲ್ಲಿ, ಕೆಲವೇ ತಿಂಗಳಲ್ಲಿ ಔಷಧದ ಗುಣ ತಿಳಿಯುತ್ತದೆ.

ಎರಡನೆಯದು ಮುನ್ಸೂಚನೆ. ಒಂದು ಕಣ್ಣು ಮಂಜಾಗಿಯೋ ಕಾಲು ಜೋಮು ಹಿಡಿದೋ, ಹೀಗೆ ಮೊದಲ ಸಲ ಒಂದೇ ಒಂದು ತೊಂದರೆಯೊಂದಿಗೆ ಬಂದವರನ್ನು ಕ್ವೀನ್ ಸ್ಕ್ವೇರಿನವರು 1980ರ ದಶಕದ ನಡುವಿನಲ್ಲಿ ಪರೀಕ್ಷಿಸಿ, ಅವರ ಬೆನ್ನು ಬಿಡದೆ ಹಿಂಬಾಲಿಸಿದರು. 2008ರಲ್ಲಿ 107 ಜನರ ಸುಮಾರು 20 ವರ್ಷಗಳ ಲೆಕ್ಕ ಪ್ರಕಟವಾಯಿತು. ಮೊದಲ ದಿನದ ಚಿತ್ರದಲ್ಲಿ ಕಲೆಗಳಿದ್ದವರ ಪೈಕಿ ಶೇಕಡಾ 82 ಮಂದಿಗೆ ಕಾಯಿಲೆ ಖಚಿತವಾಗಿ ಬಂದಿತ್ತು. ಚಿತ್ರ ನಿರ್ಮಲವಾಗಿದ್ದವರಲ್ಲಿ ಶೇಕಡಾ 21 ಮಂದಿಗೆ ಮಾತ್ರ. ಅದೇ ಗುಂಪಿನ 30 ವರ್ಷಗಳ ಲೆಕ್ಕವೂ 2020ರ ವೇಳೆಗೆ ಬಂತು. ಕಾಯಿಲೆ ಬಂದವರಲ್ಲಿ ಕೆಲವರು ಅದರಿಂದಲೇ ತೀರಿಕೊಂಡಿದ್ದರು. ಆದರೆ ಒಂದು ದೊಡ್ಡ ಪಾಲು ಜನ ಮೂವತ್ತು ವರ್ಷದ ಮೇಲೂ ತಮ್ಮ ಕಾಲ ಮೇಲೆ ನಡೆಯುತ್ತಿದ್ದರು. ಈ ವ್ಯತ್ಯಾಸದ ಸುಳಿವು ಮೊದಲ ವರ್ಷದ ಚಿತ್ರಗಳಲ್ಲೇ ಸ್ವಲ್ಪಮಟ್ಟಿಗೆ ಇತ್ತು. ಒಂದು ಸಂಶೋಧನೆ ಮೂವತ್ತು ವರ್ಷ ನಡೆಯುವುದೆಂದರೆ ಆರಂಭಿಸಿದ ವಿಜ್ಞಾನಿಗಳು ನಿವೃತ್ತರಾಗಿ, ಕಡತಗಳು ಶಿಷ್ಯರ ಕೈಗೆ ಬಂದು, ರೋಗಿಗಳು ತಾತ ಅಜ್ಜಿಯರಾಗುವಷ್ಟು ಕಾಲ.

ನಮ್ಮ ದೇಶದಲ್ಲಿ ಈ ಕಾಯಿಲೆ ಬಲು ಅಪರೂಪ, ಅದೇನಿದ್ದರೂ ಚಳಿಯ ದೇಶದವರದು ಎಂಬ ನಂಬಿಕೆ ಬಹುಕಾಲ ಇತ್ತು. ಎಂ.ಆರ್.ಐ. ಯಂತ್ರಗಳು ಊರೂರಿಗೆ ಬಂದಂತೆ ಆ ನಂಬಿಕೆ ಸಡಿಲಿತು. ನಮ್ಮ ಮಂಗಳೂರು ನಗರದಲ್ಲೇ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿ ರೋಗಿಗಳು ಕಂಡುಬಂದರು. ಯುರೋಪಿನ ಹಲವು ದೇಶಗಳಲ್ಲಿ ಈ ಸಂಖ್ಯೆ ನೂರನ್ನು ಮೀರುತ್ತದೆ ನಿಜ; ಆದರೂ ಎಂಟು ಎಂಬುದು ಇಲ್ಲವೆನ್ನುವಂಥದಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ದಾಯಾದಿ ಕಾಯಿಲೆಯೊಂದಿದೆ. ಅದೂ ಕಣ್ಣಿನ ನರವನ್ನು, ಬೆನ್ನುಹುರಿಯನ್ನು ಹಿಡಿಯುತ್ತದೆ, ಅದೂ ಮರುಕಳಿಸುತ್ತದೆ. ಆದರೆ ಚಿತ್ರದಲ್ಲಿ ಬೆನ್ನುಹುರಿಯ ಕಲೆ ಮೂರು ಕಶೇರುಮಣಿಗಳಷ್ಟು ಅಥವಾ ಅದಕ್ಕೂ ಮಿಕ್ಕಿ ಉದ್ದವಾಗಿರುತ್ತದೆ. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವಿಜ್ಞಾನಿಗಳು ಆ ಕಾಯಿಲೆಯನ್ನು ಗುರುತಿಸುವ ಪ್ರತಿಕಾಯವನ್ನು ರಕ್ತದಲ್ಲಿ ಪತ್ತೆಮಾಡಿದರು. ಎರಡನ್ನೂ ಬೇರೆ ಮಾಡಿ ನೋಡುವುದು ಪಂಡಿತರ ಹಟವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ಸಿಗೆ ಒಳಿತು ಮಾಡುವ ಇಂಟರ್‌ಫೆರಾನ್ ಈ ದಾಯಾದಿಯನ್ನು ಕೆರಳಿಸಬಲ್ಲದು. ರಕ್ತದೊತ್ತಡ, ಅರೆತಲೆನೋವು, ಬರಿಯ ವಯಸ್ಸಿನಿಂದಲೂ ಮಿದುಳಿನಲ್ಲಿ ಬಿಳಿ ಚುಕ್ಕೆಗಳು ಮೂಡುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ. ಎಡಿನ್‌ಬರೋದ ಜೇಮ್ಸ್ ಡಾಸನ್ 1916ರಲ್ಲೇ ಈ ಕಾಯಿಲೆಯ ಕಲೆಗಳು ಸಣ್ಣ ಅಭಿಧಮನಿಗಳ ಸುತ್ತ ಬೆಳೆಯುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದ. ಇಂದಿನ ಪ್ರಬಲ ಯಂತ್ರಗಳಲ್ಲಿ ಜೀವಂತ ರೋಗಿಯ ಕಲೆಯ ನಡುವೆ ಆ ಅಭಿಧಮನಿ ಕಪ್ಪು ಗೆರೆಯಾಗಿ ಕಾಣುತ್ತದೆ. 2025ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಗಳಲ್ಲಿ ಈ ಗುರುತಿಗೂ ಜಾಗ ಸಿಕ್ಕಿದೆ. ಗ್ಯಾಡೊಲಿನಿಯಮ್ ವಿಷಯದಲ್ಲಿ ಮಾತ್ರ ಕೈ ಹಿಡಿತವಾಗಿದೆ. ಪದೇ ಪದೇ ಕೊಟ್ಟವರ ಮಿದುಳಿನಲ್ಲಿ ಅದರ ಅಂಶ ಉಳಿಯುತ್ತದೆಂದು 2014ರಲ್ಲಿ ಜಪಾನಿನ ವೈದ್ಯರು ತೋರಿಸಿದ ಮೇಲೆ, ಪ್ರತಿ ವರ್ಷದ ಪರೀಕ್ಷೆಗೂ ಅದನ್ನು ಕೊಡಬೇಕಿಲ್ಲ ಎಂಬ ಅಭಿಪ್ರಾಯ ಬಲಗೊಂಡಿದೆ.

ಕಡೆಯದಾಗಿ ಒಂದು ಇಕ್ಕಟ್ಟಿನ ಸಂಗತಿ ಹೇಳುತ್ತೇನೆ. ಒಬ್ಬ ತರುಣಿ ತಲೆನೋವೆಂದು ಬಂದಳು, ಅಥವಾ ಬೈಸಿಕಲ್ಲಿನಿಂದ ಬಿದ್ದು ಬಂದಳು ಎನ್ನಿ. ಎಂ.ಆರ್.ಐ. ತೆಗೆದರು. ತಲೆನೋವಿಗೆ ಕಾರಣ ಸಿಗಲಿಲ್ಲ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ಸಿನಲ್ಲಿ ಕಾಣುವಂಥವೇ ಕಲೆಗಳು ಕಂಡವು. ಅವಳಿಗೆ ಕಣ್ಣು ಮಂಜಾಗಿಲ್ಲ, ಕಾಲು ಸೋತಿಲ್ಲ. 2009ರಲ್ಲಿ ಈ ಸ್ಥಿತಿಗೆ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು. ಇಂತಹವರನ್ನು ಹಿಂಬಾಲಿಸಿದಾಗ ಹತ್ತು ವರ್ಷಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಲಕ್ಷಣಗಳು ಕಾಣಿಸಿದವು. ಉಳಿದರ್ಧ ಮಂದಿಗೆ ಕಾಣಿಸಲಿಲ್ಲ. ಮೊದಲೇ ಔಷಧ ಕೊಟ್ಟರೆ ಲಕ್ಷಣಗಳನ್ನು ಮುಂದೂಡಬಹುದು ಎಂದು 2023ರ ಸುಮಾರಿಗೆ ಪ್ರಕಟವಾದ ಎರಡು ಸಣ್ಣ ಪ್ರಯೋಗಗಳು ತೋರಿಸಿವೆ. 2025ರ ನಿಯಮಗಳು ಇಂತಹವರಲ್ಲಿ ಕೆಲವರನ್ನು, ತಕ್ಕ ಸಾಕ್ಷ್ಯವಿದ್ದರೆ, ರೋಗಿಗಳೆಂದೇ ಪರಿಗಣಿಸಲು ಅವಕಾಶ ಮಾಡಿಕೊಟ್ಟಿವೆ. ಆದರೆ ಆ ಹುಡುಗಿಯ ಎದುರು ಕುಳಿತ ವೈದ್ಯ, ತನಗೇನೂ ಆಗಿಲ್ಲವೆಂದು ನಂಬಿರುವವಳಿಗೆ ಪರದೆಯ ಮೇಲಿನ ಬಿಳಿ ಚುಕ್ಕೆಗಳನ್ನು ತೋರಿಸಿ ಮಾತು ಆರಂಭಿಸಬೇಕು. ಅವಳು ಆ ಅರ್ಧದವಳೋ ಈ ಅರ್ಧದವಳೋ ಎಂಬುದು ಮೊದಲ ಚಿತ್ರದಲ್ಲಿ ಖಚಿತವಾಗಿ ಬರೆದಿರುವುದಿಲ್ಲ. ಕೆಲವು ತಿಂಗಳ ಬಳಿಕ ಮತ್ತೆ ಬಾ ಎಂದು ಹೇಳಿ, ಆ ಎರಡನೆಯ ಚಿತ್ರವನ್ನು ಮೊದಲಿನದರ ಪಕ್ಕದಲ್ಲಿಟ್ಟು ನೋಡಬೇಕು.